ಭಾನುವಾರದ ಒಂದು ಗಂಟೆ: ಮಕ್ಕಳಿಗೆ ಕನ್ನಡ ಓದಿಸೋದ್ರಿಂದ ನನಗೇನು ಸಿಕ್ತು?

ವಿಡಿಯೊ ಪೂರ್ತಿ ನೋಡೋಕೆ ಟೈಮ್ ಇಲ್ಲದವರಿಗೆ, ಕ್ಯಾಬ್‌ನಲ್ಲಿ ಕೂತು ಓದೋರಿಗೆ ಈ ಬರಹ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೀನಿ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಊರು ದಾವಣಗೆರೆ. ಎಂ.ಟೆಕ್ ಮುಗಿಸಿ ಇಲ್ಲಿಗೆ ಬಂದು ಹತ್ತು ವರ್ಷ ದಾಟಿತು. ನಮ್ಮ ಸೊಸೈಟಿಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ ತನಕ ಮಕ್ಕಳಿಗೆ ಕನ್ನಡ ಪುಸ್ತಕ ಓದಿಸೋ ಒಂದು ಸಣ್ಣ ಗುಂಪು ನಡೆಸ್ತೀವಿ. ಫೀಸು ಇಲ್ಲ, ಪರೀಕ್ಷೆ ಇಲ್ಲ. ಇದನ್ನ ಕೇಳಿದ ಆಫೀಸಿನ ಗೆಳೆಯರೆಲ್ಲ ಕೇಳೋ ಮೊದಲ ಪ್ರಶ್ನೆ, "ವಾರಪೂರ್ತಿ ದುಡಿದು ಭಾನುವಾರಾನೂ ಯಾಕೋ ಈ ಉಸಾಬರಿ? ನಿನಗೇನು ಸಿಗುತ್ತೆ?" ಪ್ರಶ್ನೆ ಸರಿಯಾಗೇ ಇದೆ. ಉತ್ತರ ಕೊಡೋಕೆ ಸ್ವಲ್ಪ ಹಿಂದಿನಿಂದ ಹೇಳ್ಬೇಕು.

ಶುರುವಾಗಿದ್ದು ಬಸ್‌ಸ್ಟ್ಯಾಂಡಿನಲ್ಲಿ

ಮಗಳಿಗೆ ಆಗ ಏಳು ವರ್ಷ. ರಜೆಗೆ ಊರಿಗೆ ಹೋಗಿದ್ವಿ. ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಅವಳು ಕೇಳಿದಳು, "ಅಪ್ಪಾ, ಇಲ್ಲಿ ಎಲ್ಲಾ ಬೋರ್ಡೂ ನನಗೆ ಬರದ ಭಾಷೇಲಿ ಯಾಕಿದೆ?" ಪಕ್ಕದಲ್ಲಿ ನಿಂತಿದ್ದ ನಮ್ಮಮ್ಮ ಏನೂ ಅನ್ನಲಿಲ್ಲ. ಮೊಮ್ಮಗಳ ಕೈ ಹಿಡ್ಕೊಂಡು ಬೇರೆ ಕಡೆ ನೋಡಿದ್ರು. ನನಗೆ ಅದು ಅವತ್ತು ರಾತ್ರಿ ತನಕ ಕೊರೀತಾ ಇತ್ತು.

ಅವಳ ತಪ್ಪೇನೂ ಇಲ್ಲ. ಶಾಲೆಯಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆ ಪ್ರಕಾರ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ನಾವಿರೋ ನೆಲದ ಭಾಷೆ, ಕಲಿಯಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಕನ್ನಡ ನಾಲ್ಕನೇ ಸ್ಥಾನಕ್ಕೆ ಹೋಗಿ, ಅಡುಗೆಮನೆಯಲ್ಲಿ ಮಾತ್ರ ಉಳಿದುಬಿಡುತ್ತೆ. "ಊಟ ಮಾಡು", "ಬೇಗ ಏಳು", "ಫೋನ್ ಇಡು". ನಮ್ಮ ಮಕ್ಕಳ ಕನ್ನಡ ಅಂದ್ರೆ ಇಂಥ ನೂರಿನ್ನೂರು ವಾಕ್ಯ ಅಷ್ಟೇ. ಕಾಡು, ಕುದುರೆ, ಕಳ್ಳ, ರಾಜ, ಅಸೂಯೆ, ಉಪಾಯ, ಇಂಥ ಪದಗಳು ಮನೆಮಾತಿನಲ್ಲಿ ಬರೋದೇ ಇಲ್ಲ. ಅವು ಇರೋದು ಕಥೆಯಲ್ಲಿ. ಅದಕ್ಕೇ ಓದು ಬೇಕು.

ಪುಣೆಗೆ ವಾಪಸ್ ಬಂದು ಸೊಸೈಟಿಯ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದೆ. ಗಣೇಶ ಹಬ್ಬ, ರಾಜ್ಯೋತ್ಸವ ಬಿಟ್ರೆ ಮಾತಾಡದ ಗ್ರೂಪು ಅದು. ಮೊದಲ ಭಾನುವಾರ ಹನ್ನೊಂದು ಮಕ್ಕಳು ಬಂದರು.

ನಾನು ಮಾಡಿದ ಮೊದಲ ತಪ್ಪು: ವರ್ಣಮಾಲೆ

ಎಂಜಿನಿಯರ್ ಬುದ್ಧಿ ನೋಡಿ, ಬುಡದಿಂದ ಶುರುಮಾಡೋಣ ಅಂತ ಅ ಆ ಇ ಈ ಬರೆಸಿದೆ. ಕನ್ನಡದಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನ. ಒಂದೊಂದಕ್ಕೂ ಕಾಗುಣಿತದಲ್ಲಿ ಹದಿನೈದು ರೂಪ ಅಂದ್ಕೊಂಡ್ರೆ 510 ಆಯ್ತು. ಅದರ ಮೇಲೆ ಒತ್ತಕ್ಷರ. ಇಷ್ಟೂ ಕಲಿತ ಮೇಲೆ ಕಥೆ ಅಂದ್ರೆ ಯಾವ ಮಗು ಕಾಯುತ್ತೆ? ಮೂರನೇ ವಾರಕ್ಕೆ ಹನ್ನೊಂದು ಹೋಗಿ ಐದು ಉಳಿದವು. ಅದರಲ್ಲಿ ಒಂದು ನನ್ನ ಮಗಳು, ಅವಳೂ ಬಲವಂತಕ್ಕೆ.

ಆಮೇಲೆ ಓದಿ ತಿಳ್ಕೊಂಡೆ. ಕನ್ನಡ ಓದು ಕಲಿಯೋ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರ 2007ರ ಅಧ್ಯಯನ ಒಂದಿದೆ. ಇಂಗ್ಲಿಷಿನ 26 ಅಕ್ಷರದ ಹಾಗೆ ಇದು ಬೇಗ ಮುಗಿಯೋದಲ್ಲ, ಕರ್ನಾಟಕದ ಶಾಲೆಗಳಲ್ಲಿ ಕಲಿಯೋ ಮಕ್ಕಳಿಗೂ ಅಕ್ಷರಗಳು ಪೂರ್ತಿ ಕೈಗೆ ಹತ್ತೋಕೆ ಕೆಲವು ವರ್ಷಗಳೇ ಬೇಕು ಅನ್ನೋದು ಅದರ ಸಾರಾಂಶ. ವಾರಕ್ಕೆ ಒಂದು ಗಂಟೆ ಸಿಗೋ ನಮ್ಮ ಮಕ್ಕಳಿಂದ ಮೂರು ತಿಂಗಳಲ್ಲಿ ಬರಬೇಕು ಅಂತ ಕೂತಿದ್ದು ನನ್ನ ದಡ್ಡತನ.

ಹಾಗಾಗಿ ಕ್ರಮ ತಲೆಕೆಳಗು ಮಾಡಿದ್ವಿ. ಮೊದಲು ಕಥೆ, ಅಕ್ಷರ ಅದರ ಹಿಂದೆ.

ದೇವನಾಗರಿ ಗೊತ್ತಿರೋ ಮಗು ಎಲ್ಲಿ ಎಡವುತ್ತೆ?

ಮುಂಬೈ, ಪುಣೆ, ದಿಲ್ಲಿಯವರಿಗೆ ಇದು ನೇರವಾಗಿ ಉಪಯೋಗ ಆಗುತ್ತೆ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ದೇವನಾಗರಿ ಬಂದಿರುತ್ತೆ. ಅಂದ್ರೆ ಅರ್ಧ ಕೆಲಸ ಆಗಿಹೋಗಿದೆ. ಕ ಖ ಗ ಘ ಅನ್ನೋ ಸಾಲು, ಕಾಗುಣಿತದ ತರ್ಕ ಎರಡೂ ಒಂದೇ. ಅದನ್ನ ಮತ್ತೆ ಕಲಿಸೋದು ಬೇಡ. ಎಡವೋದು ಈ ಕೆಲವು ಕಡೆ:

ಮೊದಲನೇದು, ಹ್ರಸ್ವ ಎ ಮತ್ತು ಒ. ಹಿಂದಿ, ಮರಾಠಿಯಲ್ಲಿ ಇವಕ್ಕೆ ಬೇರೆ ಅಕ್ಷರ ಇಲ್ಲ. ಹಾಗಾಗಿ ಮಕ್ಕಳಿಗೆ ಬೆಳೆ, ಬೇಳೆ ಎರಡೂ ಒಂದೇ ಥರ ಕಾಣುತ್ತೆ. ಕೊಡು ಅಂದ್ರೆ ಕೈಗೆ ಕೊಡೋದು, ಕೋಡು ಅಂದ್ರೆ ಎಮ್ಮೆ ತಲೆ ಮೇಲಿರೋದು. ಇದನ್ನ ಆಟ ಮಾಡಿ ಕಲಿಸಿದ್ರೆ ಮಕ್ಕಳು ಮರೆಯೋದಿಲ್ಲ.

ಎರಡನೇದು, ಒತ್ತಕ್ಷರ. ದೇವನಾಗರಿಯಲ್ಲಿ ಮೊದಲ ಅಕ್ಷರ ಅರ್ಧ ಆಗುತ್ತೆ, ನಮ್ಮಲ್ಲಿ ಎರಡನೇದು ಕೆಳಗೆ ಹೋಗುತ್ತೆ. ಹೆಚ್ಚಿನ ಒತ್ತುಗಳು ನೋಡೋಕೆ ಮೂಲ ಅಕ್ಷರದ ಹಾಗೇ ಇರುತ್ತವೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಬೇರೆ ಆಕಾರ. ಆದರೆ ಹೆಚ್ಚು ಬಳಕೆಯಲ್ಲಿರೋದೂ ಇವೇ. ಅತ್ತೆ, ನನ್ನ, ಅಮ್ಮ, ಅಯ್ಯೋ, ಚಕ್ರ, ಬೆಲ್ಲ. ಈ ಆರು ಪದ ಒಂದು ಚಾರ್ಟ್ ಮೇಲೆ ಬರೆದು ಗೋಡೆಗೆ ಅಂಟಿಸಿ. ಒಂದು ಪುಟದ ಅರ್ಧ ಒತ್ತು ಇದರಲ್ಲೇ ಬಗೆಹರಿಯುತ್ತೆ ಅನ್ನೋದು ನಮ್ಮ ಅನುಭವ.

ಮೂರನೇದು, ಅರ್ಕಾವತ್ತು. ದೇವನಾಗರಿಯಲ್ಲಿ ಅದು ತಲೆ ಮೇಲೆ ಕೂರುತ್ತೆ, ನಮ್ಮಲ್ಲಿ ಅಕ್ಷರ ಆದ ಮೇಲೆ ಬಲಕ್ಕೆ. "ಸೂರ್ಯ" ಓದುವಾಗ ಕಣ್ಣು ಮುಂದೆ ಹೋಗಿ ಹಿಂದೆ ಬರಬೇಕು. ಇದಕ್ಕೆ ಅಭ್ಯಾಸ ಬಿಟ್ರೆ ಬೇರೆ ದಾರಿ ಇಲ್ಲ.

ಇನ್ನು ಮ-ವ, ದ-ಧ-ಥ, ಪ-ಷ ಇವು ಕಣ್ಣಿಗೆ ಒಂದೇ ಥರ ಕಾಣೋ ಜೋಡಿಗಳು. ಪುಣೆ, ಮುಂಬೈ ಮಕ್ಕಳಿಗೆ ಒಂದು ಅನುಕೂಲ ಇದೆ. ಮರಾಠಿಯಲ್ಲಿ ಳ ಇರೋದ್ರಿಂದ ಅವರ ನಾಲಿಗೆ ಸಲೀಸಾಗಿ ಹೊರಳುತ್ತೆ. ಹಿಂದಿ ಮಾತ್ರ ಗೊತ್ತಿರೋ ದಿಲ್ಲಿ ಮಕ್ಕಳಿಗೆ ಅಲ್ಲಿ ಸ್ವಲ್ಪ ಹೆಚ್ಚು ಸಮಯ ಕೊಡಿ.

ಒಂದು ಗಂಟೆ ಹೇಗೆ ನಡೆಯುತ್ತೆ?

ಮೊದಲ ಹತ್ತು ನಿಮಿಷ ಬರೀ ಮಾತು. ವಾರದಲ್ಲಿ ಏನಾಯ್ತು ಅಂತ ಕನ್ನಡದಲ್ಲಿ ಹೇಳ್ಬೇಕು, ಪದ ಸಿಗದಿದ್ರೆ ಯಾವ ಭಾಷೆಯದಾದರೂ ಸೇರಿಸಬಹುದು. ಆಮೇಲೆ ಹದಿನೈದು ನಿಮಿಷ ದೊಡ್ಡವರೊಬ್ಬರು ಕಥೆ ಓದ್ತಾರೆ, ಮಕ್ಕಳು ಕೇಳ್ತಾರೆ, ಪುಟ ನೋಡ್ತಾರೆ. ಮುಂದಿನ ಇಪ್ಪತ್ತೈದು ನಿಮಿಷ ಜೋಡಿ ಓದು. ಚೆನ್ನಾಗಿ ಓದೋ ಮಗು ಒಂದು ಪುಟ, ಕಲಿಯೋ ಮಗು ಒಂದು ಪುಟ. ಕೊನೆಯ ಹತ್ತು ನಿಮಿಷ ಮನೆಗೆ ಒಂದು ಪುಸ್ತಕ ಆರಿಸ್ಕೊಂಡು ರಿಜಿಸ್ಟರಿನಲ್ಲಿ ಬರೆಯೋದು.

ರಿಜಿಸ್ಟರ್ ಅಂದೆ, ಅದಕ್ಕೂ ಒಂದು ಕಥೆ ಇದೆ. ಶುರುವಿನಲ್ಲಿ ನಾನು ಎರಡು ವೀಕೆಂಡ್ ಕೂತು ಒಂದು ಆ್ಯಪ್ ಮಾಡಿದ್ದೆ. ಯಾರು ಎಷ್ಟು ಪುಟ ಓದಿದ್ರು ಅಂತ ಡ್ಯಾಶ್‌ಬೋರ್ಡ್, ಮೊದಲ ಮೂರು ಸ್ಥಾನಕ್ಕೆ ಸ್ಟಾರ್. ಒಂದೇ ತಿಂಗಳಲ್ಲಿ ಮಕ್ಕಳು ಒಂದೊಂದು ಪುಟಕ್ಕೆ ನಾಲ್ಕೇ ಪದ ಇರೋ ಪುಸ್ತಕ ಹುಡುಕೋಕೆ ಶುರುಮಾಡಿದ್ರು. ಒಬ್ಬಳು ಒಂದೇ ಪುಸ್ತಕ ಆರು ಸಲ ಎಂಟ್ರಿ ಮಾಡಿದ್ಲು. ಆಫೀಸಿನಲ್ಲಿ ನಾವೂ ಟಿಕೆಟ್ ಸಂಖ್ಯೆ ನೋಡಿದ್ರೆ ಸಣ್ಣ ಟಿಕೆಟ್ಟೇ ಮುಗಿಸೋದು ತಾನೇ? ಆ್ಯಪ್ ತೆಗೆದುಹಾಕಿ ನೂರು ಪುಟದ ನೋಟ್‌ಬುಕ್ ತಂದೆ. ಮೂರೇ ಕಾಲಂ: ಹೆಸರು, ಪುಸ್ತಕ, ತಾರೀಖು.

ಪುಸ್ತಕಕ್ಕೆ ದುಡ್ಡು ಜಾಸ್ತಿ ಬೇಕಿಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆಯಾಗಿ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರೋದ್ರಿಂದ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೀಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರಿರೋ ಪುಟ ಮಾತ್ರ ಬಿಡಬೇಡಿ. ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ನವಕರ್ನಾಟಕದ ಮಕ್ಕಳ ಪುಸ್ತಕಗಳನ್ನ ಊರಿಗೆ ಹೋದವರು ಬ್ಯಾಗಿನಲ್ಲಿ ನಾಲ್ಕು ನಾಲ್ಕು ತರ್ತಾರೆ.

ಮಕ್ಕಳಿಗೆ ಮೊದಲೇ ಗೊತ್ತಿರೋ ಕಥೆಯಿಂದ ಶುರುಮಾಡಿದ್ರೆ ಸುಲಭ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬ್ರೌನಿಂಗ್ ಅವರ ಇಂಗ್ಲಿಷ್ ಕವಿತೆ ಆಧರಿಸಿದ್ದು. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಹ್ಯಾಮೆಲಿನ್ ಊರಿನ ಇಲಿ ಕಥೆ ಗೊತ್ತಿರುತ್ತೆ. ಓದುತ್ತಾ ಇದ್ದ ಹಾಗೆ ಒಬ್ಬ ಹುಡುಗ ಎದ್ದು ನಿಂತು, "ಅಂಕಲ್, ಇದು ಪೈಡ್ ಪೈಪರ್!" ಅಂತ ಕೂಗಿದ. ಇನ್ನೊಬ್ಬಳಿಗೆ ಬೇರೆಯೇ ಅನುಮಾನ, "ಬೊಮ್ಮನಹಳ್ಳಿ ಅಂದ್ರೆ ಬೆಂಗಳೂರಲ್ಲಿ ನಮ್ಮ ಮಾಮನ ಮನೆ ಇರೋ ಬೊಮ್ಮನಹಳ್ಳೀನಾ? ಅಲ್ಲಿ ಬರೀ ಟ್ರಾಫಿಕ್ ಇದೆ, ಇಲಿ ಇಲ್ಲ." ದೊಡ್ಡವರೆಲ್ಲ ನಕ್ಕು ಸುಸ್ತು.

ನಾನು ಮಾಡಿದ ಎರಡನೇ ತಪ್ಪು

ಇದನ್ನ ವಿಡಿಯೊದಲ್ಲಿ ಹೇಳೋಕೆ ಸ್ವಲ್ಪ ಮುಜುಗರ ಆಗಿತ್ತು. ಇಲ್ಲಿ ಬರೀತೀನಿ.

ಹತ್ತು ವರ್ಷದ ಒಬ್ಬ ಹುಡುಗ, ಸ್ವಲ್ಪ ಸಂಕೋಚದವನು. ಎರಡು ತಿಂಗಳು ಬರೀ ಕೇಳ್ತಾ ಕೂತಿದ್ದವನು ಒಂದು ದಿನ ತಾನೇ ಓದ್ತೀನಿ ಅಂದ. ಹೊಲದಲ್ಲಿ ಬೆಳೆ ಚೆನ್ನಾಗಿ ಬಂದಿತ್ತು ಅಂತ ಪುಸ್ತಕದಲ್ಲಿತ್ತು. ಅವನು "ಬೇಳೆ ಚೆನ್ನಾಗಿ ಬಂದಿತ್ತು" ಅಂತ ಓದಿದ. ನಾನು ತಕ್ಷಣ, "ಹೊಲದಲ್ಲಿ ಬೇಳೆ ಬಂದ್ರೆ ಸಾರು ಅಲ್ಲೇ ಮಾಡಬಹುದಲ್ಲೋ!" ಅಂದುಬಿಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನೂ ನಕ್ಕ ಹಾಗೆ ಮಾಡಿದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರಾನೂ ಇಲ್ಲ. ಆರು ವಾರ ಆದ್ಮೇಲೆ ಲಿಫ್ಟಿನಲ್ಲಿ ಸಿಕ್ಕ ಅವರಮ್ಮ ಹೇಳಿದ್ರು, "ಅವನು ಈಗ ಮನೇಲೂ ಕನ್ನಡ ಮಾತಾಡ್ತಿಲ್ಲ ಸರ್. ನನಗೆ ಬರಲ್ಲ, ಬಿಡು ಅಂತಾನೆ."

ಇರೋ ಕನ್ನಡಾನೂ ಕಿತ್ಕೊಂಡಿದ್ದೆ ನಾನು. ಒಂದು ಜೋಕಿಗೋಸ್ಕರ.

ಎರಡು ದಿನ ನಿದ್ದೆ ಬರಲಿಲ್ಲ. ಆಮೇಲೆ ಮಗಳ ಮರಾಠಿ ಪಠ್ಯಪುಸ್ತಕ ಹಿಡ್ಕೊಂಡು ಅವರ ಮನೆಗೆ ಹೋದೆ. "ನನಗೆ ಮರಾಠಿ ಓದೋಕೆ ಸರಿಯಾಗಿ ಬರಲ್ಲ, ಸ್ವಲ್ಪ ಕೇಳಿಸ್ಕೊತೀಯಾ?" ಅಂದೆ. ನಿಜಕ್ಕೂ ಬರ್ತಿರಲಿಲ್ಲ. ಓದುತ್ತಾ 'ಚೂಕ್' ಅಂದೆ. ಅವನು ತಲೆ ಎತ್ತಿ, "ಅಂಕಲ್, ಅದು ಚೂಕ್ ಅಲ್ಲ, ತ್ಸೂಕ್" ಅಂದ. ಮರಾಠಿಯ ಚ ಕೆಲವು ಪದಗಳಲ್ಲಿ 'ತ್ಸ' ಆಗುತ್ತೆ, ಬರವಣಿಗೆಯಲ್ಲಿ ವ್ಯತ್ಯಾಸ ಕಾಣಲ್ಲ. ಆ ಪದದ ಅರ್ಥ ಏನು ಗೊತ್ತಾ? ತಪ್ಪು. ತಪ್ಪು ಅನ್ನೋ ಪದಾನೇ ತಪ್ಪಾಗಿ ಓದಿದ್ದೆ. ಈ ಸಲ ಅವನು ನಿಜವಾಗಿ ನಕ್ಕ. "ಅವತ್ತು ನಾನು ನಕ್ಕಿದ್ದು ತ್ಸೂಕ್ ಆಯ್ತಪ್ಪ" ಅಂದೆ. ಅವನೇನೂ ಉತ್ತರ ಕೊಡಲಿಲ್ಲ. ಎರಡು ವಾರ ಬಿಟ್ಟು ಬಂದ.

ಅವತ್ತಿನಿಂದ ನಮ್ಮಲ್ಲಿ ಎರಡು ನಿಯಮ. ಓದುವಾಗ ಮಧ್ಯೆ ತಿದ್ದೋ ಹಾಗಿಲ್ಲ, ಪುಟ ಮುಗಿದ ಮೇಲೆ, ಪಕ್ಕದಲ್ಲಿ ಕೂತು, ಒಂದೇ ಒಂದು ಪದ. ಎರಡನೇದು, ಯಾರ ಮನೆಯ ಕನ್ನಡಾನೂ ತಪ್ಪಲ್ಲ. ನಮ್ಮಲ್ಲಿ "ಹೋಗೋಣ" ಅನ್ನೋ ಮೈಸೂರಿನವರಿದ್ದಾರೆ, "ಹೋಗೂಣು" ಅನ್ನೋ ಧಾರವಾಡದವರು, "ಹೋಗುವ" ಅನ್ನೋ ಮಂಗಳೂರಿನವರೂ ಇದ್ದಾರೆ. ಮೂರೂ ಸರಿ. ಪುಸ್ತಕದಲ್ಲಿ ಹೀಗಿದೆ, ನಿಮ್ಮ ಮನೇಲಿ ಹೇಗಂತೀರಿ ಅಂತ ಕೇಳ್ತೀವಿ.

ಕಂಡಕ್ಟರ್ ಅಜ್ಜ

ಮಗನ ಮನೆಗೆ ಬಂದು ಉಳಿದ ಒಬ್ಬ ಅಜ್ಜ ಇದ್ದರು, ಕಲಬುರಗಿ ಕಡೆಯವರು, ನಿವೃತ್ತ ಬಸ್ ಕಂಡಕ್ಟರ್. ಅಜ್ಜಿ ತೀರಿಹೋದ ಮೇಲೆ ಇಲ್ಲಿಗೆ ಕರ್ಕೊಂಡು ಬಂದಿದ್ರು. ಮಗ ಸೊಸೆ ಇಬ್ಬರೂ ಆಫೀಸಿಗೆ, ಮೊಮ್ಮಗ ಶಾಲೆಗೆ. ಅವರು ದಿನವಿಡೀ ಗೇಟಿನ ಹತ್ತಿರ ಬೆಂಚಿನ ಮೇಲೆ ಕೂತಿರ್ತಿದ್ರು. ನಾವು ಎಷ್ಟೋ ಜನ ನಮಸ್ಕಾರ ಹೇಳಿ ಮುಂದೆ ಹೋಗ್ತಿದ್ವಿ, ಅಷ್ಟೇ.

ಒಂದು ಭಾನುವಾರ ರಿಲೀಸ್ ಇತ್ತು, ಓದಬೇಕಿದ್ದ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಸಿಕ್ಕಿಹಾಕ್ಕೊಂಡಿದ್ರು. ಬೇರೆ ಗತಿ ಇಲ್ಲದೆ ಅವರನ್ನ ಕೇಳಿದೆ. "ನಾ ಏನ್ ಓದ್ಲಿ ತಮ್ಮಾ, ನಾ ಏನ್ ಮಾಸ್ತರ ಏನು?" ಅಂದ್ರು. ಬಂದು ಕೂತು ಕನ್ನಡಕ ಹಾಕ್ಕೊಂಡು ಪುಸ್ತಕ ತೆಗೆದರು, ಎರಡು ಪುಟ ಓದಿ ಮುಚ್ಚಿಟ್ಟರು. ಆಮೇಲೆ ಒಂದು ರಟ್ಟಿನ ತುಂಡು ಕೇಳಿದ್ರು. ಅದರ ಮೇಲೆ ದಪ್ಪಗೆ 'ಕಲಬುರಗಿ - ಆಳಂದ' ಅಂತ ಬರೆದ್ರು. ಇನ್ನೊಂದರ ಮೇಲೆ 'ಸೇಡಂ', ಇನ್ನೊಂದು 'ಚಿಂಚೋಳಿ', 'ಜೇವರ್ಗಿ'. ಕುರ್ಚಿಗಳನ್ನ ಬಸ್ಸಿನ ಹಾಗೆ ಇಟ್ಟು, "ಬೋರ್ಡ್ ಓದಿದವರಿಗಷ್ಟೇ ಟಿಕೀಟು, ರೈಟ್!" ಅಂತ ಕೂಗಿದ್ರು. ಅವತ್ತು ಮಕ್ಕಳು ಹನ್ನೆರಡು ಊರಿನ ಹೆಸರು ಓದಿದ್ರು. ನನ್ನ ಮೂರು ತಿಂಗಳ ವರ್ಣಮಾಲೆಯಲ್ಲಿ ಅಷ್ಟು ಆಗಿರಲಿಲ್ಲ.

ಒಂದೂವರೆ ವರ್ಷ ಒಂದು ವಾರಾನೂ ತಪ್ಪಿಸಲಿಲ್ಲ ಅವರು. ಅವರ ಮಗ ಒಂದು ದಿನ ಪಾರ್ಕಿಂಗಿನಲ್ಲಿ ನಿಲ್ಲಿಸಿ ಹೇಳಿದ್ರು, "ಅಪ್ಪ ಶನಿವಾರ ರಾತ್ರಿ ಅಂಗಿ ಇಸ್ತ್ರಿ ಮಾಡಿ ಇಟ್ಕೊತಾರ. ಡ್ಯೂಟಿ ಅದ ಅಂತಾರ." ಆಮೇಲೆ ಆರೋಗ್ಯ ಸರಿ ಇಲ್ಲದೆ ಊರಿಗೆ ವಾಪಸ್ ಹೋದರು. ಆ ರಟ್ಟಿನ ಬೋರ್ಡುಗಳು ಇನ್ನೂ ನಮ್ಮ ಪುಸ್ತಕದ ಪೆಟ್ಟಿಗೇಲಿ ಇವೆ. ಅಂಚು ಹರಿದಿದೆ, ಸೆಲೋಟೇಪ್ ಹಚ್ಚಿದ್ದೀವಿ.

ಹಾಗಾದ್ರೆ ಸಿಕ್ಕಿದ್ದೇನು?

ಲೆಕ್ಕ ಹೇಳ್ತೀನಿ. ಇಲ್ಲಿ ತನಕ ಮೂವತ್ತಕ್ಕೂ ಹೆಚ್ಚು ಮಕ್ಕಳು ಬಂದು ಹೋಗಿದ್ದಾರೆ. ಈಗ ನಿಯಮಿತವಾಗಿ ಬರೋದು ಹದಿನಾಲ್ಕು. ಹೊಸ ಪುಸ್ತಕ ಕೊಟ್ಟರೆ ತಾವೇ ಓದಿ ಅರ್ಥ ಮಾಡ್ಕೊಳ್ಳೋರು ಆರು ಜನ. ಎಂಟನೇ ತರಗತಿ ದಾಟಿದವರು ಕೋಚಿಂಗ್ ಅಂತ ಬಿಟ್ಟುಹೋಗ್ತಾರೆ, ಅದನ್ನ ತಡೆಯೋಕೆ ಇನ್ನೂ ದಾರಿ ಸಿಕ್ಕಿಲ್ಲ. ಸಂಖ್ಯೆ ನೋಡಿದ್ರೆ ದೊಡ್ಡದೇನಲ್ಲ.

ಆದರೆ ನನಗೆ ಸಿಕ್ಕಿದ್ದು ಬೇರೆ. ನನ್ನ ಕನ್ನಡ ನನಗೆ ವಾಪಸ್ ಬಂತು. ಹತ್ತನೇ ತರಗತಿ ಆದ್ಮೇಲೆ ಒಂದು ಕನ್ನಡ ಪುಸ್ತಕ ಪೂರ್ತಿ ಓದದವನು ನಾನು. ಮಕ್ಕಳಿಗೆ ಓದಿ ಹೇಳೋಕೆ ಅಂತ ಹುಡುಕುತ್ತಾ ಪಂಜೆ ಮಂಗೇಶರಾಯರ ಹತ್ತಿರ ಹೋದೆ, ಜಿ.ಪಿ. ರಾಜರತ್ನಂ ಹತ್ತಿರ ಹೋದೆ, ಕಾರಂತರ 'ಬಾಲ ಪ್ರಪಂಚ'ದ ಹತ್ತಿರ ಹೋದೆ. ಅಷ್ಟು ದೊಡ್ಡ ಬರಹಗಾರರು ಮಕ್ಕಳಿಗಾಗಿ ಕೂತು ಇಷ್ಟು ಕೆಲಸ ಮಾಡಿದ್ದಾರೆ ಅಂತ ಮೂವತ್ತೈದನೇ ವಯಸ್ಸಿನಲ್ಲಿ ತಿಳೀತು.

ಆಫೀಸಿನಲ್ಲೂ ನಾನು ಸ್ವಲ್ಪ ಬದಲಾದೆ. ಹೊಸದಾಗಿ ಸೇರಿದವರ ಕೋಡ್ ನೋಡುವಾಗ ಎಲ್ಲರ ಎದುರು ಚುಚ್ಚಿ ಬರೆಯೋ ಚಾಳಿ ಇತ್ತು ನನಗೆ. ಈಗ ಬರೆಯೋ ಮುಂಚೆ ಆ ಹುಡುಗನ ಮುಖ ನೆನಪಾಗುತ್ತೆ. ಪಕ್ಕಕ್ಕೆ ಕರೆದು ಒಂದೇ ವಿಷಯ ಹೇಳ್ತೀನಿ.

ಸೊಸೈಟಿಯಲ್ಲಿ ನಾಲ್ಕು ಮನೆಗಳು ನಮ್ಮ ಸ್ವಂತದವು ಅನ್ನೋ ಹಾಗಾಗಿವೆ. ಹೋದ ವರ್ಷ ಅಮ್ಮ ಆಸ್ಪತ್ರೆ ಸೇರಿದಾಗ ನಾನು, ಹೆಂಡತಿ ರಾತ್ರೋರಾತ್ರಿ ದಾವಣಗೆರೆಗೆ ಹೊರಟ್ವಿ. ಮಗಳು ಐದು ದಿನ ಇದ್ದಿದ್ದು ಓದಿನ ಗುಂಪಿನ ಒಬ್ಬರು ಅಕ್ಕನ ಮನೇಲಿ. ಹತ್ತು ವರ್ಷ ಒಂದೇ ಕಟ್ಟಡದಲ್ಲಿದ್ದರೂ ಅದಕ್ಕೆ ಮುಂಚೆ ಅವರ ಹೆಸರೂ ನನಗೆ ಗೊತ್ತಿರಲಿಲ್ಲ. ಅಮ್ಮ ಚೇತರಿಸ್ಕೊಂಡು ಮನೆಗೆ ಬಂದ ಮೇಲೆ ಮಗಳು ದಿನಾ ಫೋನಿನಲ್ಲಿ ಒಂದು ಪುಟ ಓದಿ ಹೇಳೋಕೆ ಶುರುಮಾಡಿದ್ಲು. ಮೊದಮೊದಲು ತುಂಬಾ ನಿಧಾನ, ಒಂದು ಪುಟಕ್ಕೆ ಎಂಟು ನಿಮಿಷ. "ಅಜ್ಜಿ, ಕೇಳ್ತಿದೀಯಾ?" ಅಂತ ನಡುನಡುವೆ ಕೇಳ್ತಾಳೆ. "ಹ್ಞೂಂ ಪುಟ್ಟಿ, ಮುಂದೆ?" ಅಂತಾರೆ ಅಮ್ಮ.

ನೀವು ಶುರುಮಾಡೋದಾದ್ರೆ

ಆರು ಮಕ್ಕಳು ಸಾಕು. ದೊಡ್ಡವರು ಕನಿಷ್ಠ ಇಬ್ಬರು ಇರಲೇಬೇಕು. ಒಬ್ಬರಿಗೆ ಆನ್-ಕಾಲ್ ಬಂದರೂ ನಡೀಬೇಕು, ಮತ್ತೆ ಮಕ್ಕಳ ಜೊತೆ ಯಾವತ್ತೂ ಒಬ್ಬರೇ ಇರೋದು ಒಳ್ಳೇದಲ್ಲ. ಕ್ಲಬ್‌ಹೌಸ್ ಸಿಗದಿದ್ರೆ ಮನೆ ಹಾಲ್, ಒಂದು ಚಾಪೆ, ಹತ್ತು ಪುಸ್ತಕ. ಅದೇ ದಿನ, ಅದೇ ಸಮಯ, ಮೂರೇ ಮಕ್ಕಳು ಬಂದರೂ ನಡೆಸಿ. ಪರೀಕ್ಷೆ ತಿಂಗಳಲ್ಲಿ ಸಂಖ್ಯೆ ಬಿದ್ದೇ ಬೀಳುತ್ತೆ, ಗಾಬರಿ ಬೇಡ. ಬೆಂಚಿನ ಮೇಲೆ ಸುಮ್ಮನೆ ಕೂತ ಅಜ್ಜ ಅಜ್ಜಿ ನಿಮ್ಮ ಕಾಂಪ್ಲೆಕ್ಸಿನಲ್ಲೂ ಇರ್ತಾರೆ, ಮೊದಲು ಅವರನ್ನ ಕೇಳಿ.

ಬೇಳೆ ಅಂತ ಓದಿದ ಆ ಹುಡುಗನಿಗೆ ಈಗ ಹದಿಮೂರು. ಅವನೂ ಕೋಚಿಂಗ್ ಸೇರಿದ್ದಾನೆ, ಎರಡು ವಾರಕ್ಕೊಮ್ಮೆ ಮಾತ್ರ ಬರ್ತಾನೆ. ಬಂದಾಗ ಪುಟಾಣಿಗಳನ್ನ ಪಕ್ಕ ಕೂರಿಸ್ಕೊಂಡು ಓದಿಸ್ತಾನೆ. ಹೋದ ಭಾನುವಾರ ಒಬ್ಬಳು 'ಕೊಡು' ಇದ್ದಲ್ಲಿ 'ಕೋಡು' ಅಂದಳು. ಅವನು ಸುಮ್ಮನಿದ್ದ. ಪುಟ ಮುಗಿಯೋ ತನಕ ಕಾದು, ಬಗ್ಗಿ ಮೆಲ್ಲಗೆ ಏನೋ ಹೇಳಿದ. ನನಗೆ ಕೇಳಿಸಲಿಲ್ಲ, ಹತ್ತಿರ ಹೋಗಲೂ ಇಲ್ಲ.

ಸರಿ, ಇವತ್ತಿಗೆ ಇಷ್ಟು. ಮುಂದಿನ ಮಾತುಕತೆಯಲ್ಲಿ ಸಿಗೋಣ.